ಜಪಾನಿನ ಗಡಿಗೆಗೆ ನಮ್ಮವ್ವನ ಜೋಳ

ನಿಮ್ಮ ಮನೆಯವರು ಯಾವತ್ತಾದರೂ ನಿಮ್ಮ ಆಫೀಸಿನ ಸಾಮಾನಿಗೆ ಪೂಜೆ ಮಾಡಿ, ನಿಮ್ಮ ನೌಕರಿಗೇ ಕುತ್ತು ತಂದಿದ್ದಾರೆಯೇ? ನನ್ನ ಅವ್ವ ತಂದಿದ್ದಳು.

ಬೀದರ ಮೈಸೂರು ರಾಜ್ಯಕ್ಕೆ ಸೇರಲಿದ್ದ ವರ್ಷ ಅದು. ಊರಿನ ಪುರಾತತ್ವ ಕೇಂದ್ರದಲ್ಲಿ ನಾನು ಹಂಗಾಮಿ ಗುಮಾಸ್ತ. ಕೇಂದ್ರ ಅಂದರೆ ಎರಡು ಕೋಣೆ, ಒಂದಿಷ್ಟು ಕಲ್ಲಿನ ಕೊಡಲಿ, ಜಪಾನಿನಿಂದ ಪ್ರದರ್ಶನಕ್ಕೆಂದು ಎರವಲು ಬಂದ ಒಂದು ಮಣ್ಣಿನ ಗಡಿಗೆ. ಸಾವಿರಾರು ವರ್ಷ ಹಳೆಯದು, ಮೈತುಂಬ ಹಗ್ಗ ಒತ್ತಿದ ಗುರುತು. ತಳ ಚೂಪು, ಇಟ್ಟಲ್ಲಿ ನಿಲ್ಲದು. ಹಾಗಾಗಿ ಅಗಲವಾದ ಪರಾತದಲ್ಲಿ ಮರಳು ತುಂಬಿ, ನಡುವೆ ಹುಗಿದು ನಿಲ್ಲಿಸಿದ್ದೆವು.

ದಸರೆಯ ದಿನ ಮೈಸೂರಿನ ದೊಡ್ಡ ಸಾಹೇಬರು ನೋಡಲು ಬರುವವರಿದ್ದರು. ಹೊಸ ರಾಜ್ಯದಲ್ಲಿ ನನ್ನ ನೌಕರಿ ಉಳಿಯುವುದೋ ಹೋಗುವುದೋ ಅವರ ಕೈಯಲ್ಲಿತ್ತು. ಅದಕ್ಕೆ ಹತ್ತು ದಿನ ಮುಂಚೆ ಭಾಲ್ಕಿ, ಔರಾದ ಕಡೆ ಹೊಲಗಳಲ್ಲಿ ಸಿಕ್ಕ ಹಳೆಯ ಕಲ್ಲು ತರಲು ಕೇಂದ್ರದವರು ನನ್ನನ್ನು ಕಳಿಸಿದರು. ಕೀಲಿಕೈ ಅವ್ವನಿಗೆ ಕೊಟ್ಟು, ಧೂಳು ಹೊಡೆ, ಗಡಿಗೆ ಮುಟ್ಟಬೇಡ ಎಂದು ಹೇಳಿ ಹೋದೆ.

ದಸರೆ ಬೆಳಿಗ್ಗೆ ಸಂತಪುರದಿಂದ ಬಂದ ಬಸ್ಸಿಳಿದು ಓಡಿಬಂದು ನೋಡಿದರೆ, ಗಡಿಗೆಯ ಸುತ್ತ ಗೇಣುದ್ದ ಜೋಳದ ಸಸಿ! ಕೊರಳಲ್ಲಿ ಚೆಂಡುಹೂವಿನ ಸರ.

“ಯವ್ವಾ, ಇದೇನ್ ಮಾಡಿದಿ?”

“ನವರಾತ್ರ್ಯಾಗ ಘಟ ಇಟ್ಟು ಕಾಳ್ ಹಾಕ್ಲಿಲ್ಲಂದ್ರ ಹ್ಯಾಂಗ? ನೀವು ಗಂಡಸ್ರು ಪರಾತದಾಗ ಗಡಿಗಿ ನಿಲ್ಸಿ, ಅರ್ಧಾ ಮಾಡಿ ಊರೂರು ತಿರಗ್ಲಾಕ ಹೋದ್ರಿ. ಮರಳಿನ ಮ್ಯಾಗ ಹೊಲದ ಮಣ್ಣ ಹಾಕಿ, ಕಾಳ್ ಬಿತ್ತಿ, ನಾ ಪೂರಾ ಮಾಡ್ದೆ. ಗಡಿಗಿ ಮುಟ್ಟಿಲ್ಲ ನೋಡ್ ಮತ್ತ. ಸರಾ ಸುದ್ದಾ ದೂರಿಂದ ಒಗದೀನಿ.”

“ಅದು ಜಪಾನಿಂದು!”

“ಇದ್ರ ಇರ್ಲಿ. ಹಬ್ಬಕ್ಕ ಬಂದದ್ದು ನಮ್ಮೂರಿಗಲ್ಲಾ?”

ಸಸಿ ಕೀಳಲು ಹೋದೆ, ಅವ್ವ ಕೈಮೇಲೆ ಹೊಡೆದಳು. ಅಷ್ಟರಲ್ಲಿ ಜೀಪು ಬಂತು. ಮೈಸೂರಿನ ದಸರೆ ಬಿಟ್ಟು ಬೀದರಿಗೆ ಬರಬೇಕಾದ ಸಾಹೇಬರ ಮುಖ ಮೊದಲೇ ಗಂಟು.

“ಏನ್ರೀ ಇದು? ಯಾರ್ರೀ ಮಾಡಿದ್ದು?”

“ನಾನೇ ರೀ,” ಅವ್ವ ಮುಂದೆ ಬಂದಳು. “ಹಬ್ಬದ ದಿನ ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಜರಾ ಬಗ್ಗ್ರಿ.”

ಆ ದನಿಗೆ ಸಾಹೇಬರು ಬಗ್ಗಿಯೇಬಿಟ್ಟರು. ನಮ್ಮಲ್ಲಿ ದಸರೆಯಂದು ಘಟದ ಸಸಿ ಕಿತ್ತು ಗಂಡಸರ ರುಮಾಲಿಗೆ ಸಿಕ್ಕಿಸುತ್ತಾರೆ. ಅವ್ವ ಒಂದು ಹಿಡಿ ಕಿತ್ತು ಅವರ ಜರಿಪೇಟಕ್ಕೆ ಸಿಕ್ಕಿಸಿ, “ಮದಿಮಗನಂಗ ಕಾಣ್ಲಾಕತ್ತೀರಿ,” ಅಂದಳು.

ಬಾಗಿಲಲ್ಲಿ ನೆರೆದಿದ್ದ ಹಿರಿಯರು, “ಸಾಹೇಬ್ರು ಪೂರಾ ನಮ್ಮವ್ರಾದ್ರು!” ಎಂದು ಚಪ್ಪಾಳೆ ತಟ್ಟಿದರು. ಸಾಹೇಬರ ಜೊತೆ ಬಂದಿದ್ದ ಫೋಟೋದವನು ಕ್ಲಿಕ್ಕಿಸಿಯೂ ಬಿಟ್ಟ. ತಪ್ಪಿನ ಪಾಲನ್ನು ಫೋಟೋದಲ್ಲಿ ತಲೆಯ ಮೇಲೆ ಹೊತ್ತ ಸಾಹೇಬರು ವರದಿಯಲ್ಲಿ ನನ್ನ ಮೇಲೆ ಏನೆಂದು ದೂರು ಬರೆದಾರು? ಗಡಿಗೆಯ ಸುತ್ತ ತಿರುಗಿ ತಿರುಗಿ ನೋಡಿದರು. ಒಂದು ಬಿರುಕೂ ಇಲ್ಲ.

“ನೀವು ಇಲ್ಲೇ ಇರಿ,” ಅಂದರು ಕೊನೆಗೆ. “ಕೀಲಿಕೈ ಮಾತ್ರ ನಿಮ್ಮ ತಾಯಿಗೆ ಕೊಡಬೇಡಿ.”

“ಕೀಲಿ ಬ್ಯಾಡಾದ್ರ ಬ್ಯಾಡ್ರಿ,” ಅಷ್ಟರಲ್ಲಿ ಆಚೆ ಕೋಣೆಗೆ ಹೋಗಿದ್ದ ಅವ್ವ ಅಲ್ಲಿಂದಲೇ ಕೂಗಿದಳು. “ಹೋಳಗಿ ತಿಂದು ಹೋಗ್ರಿ!”

ತಿಂದೇ ಹೋದರು, ಪೇಟದ ಸಸಿ ತೆಗೆಯದೆ.

ನಿಮ್ಮ ಅವ್ವಂದಿರು ಎಂಥ ಸರಕಾರಿ ಸಾಮಾನನ್ನು ದೇವರ ಕೋಣೆಗೆ ಸೇರಿಸಿದ್ದರು? ಮುಚ್ಚಿಡದೆ ಬರೆಯಿರಿ. ನಮ್ಮವ್ವನಿಗೂ ಜೊತೆಗಾರ್ತಿಯರು ಸಿಗಲಿ.