ತಟ್ಟೆಗೆ ಬಿದ್ದ ಚುಕ್ಕಿ

ಅರವತ್ತರ ದಶಕದ ಶುರುವಿನ ಒಂದು ಆಷಾಢ. ನನ್ನ ಮಗಳು ಹಿತ್ತಲ ಸೀಬೆ ಮರದಿಂದ ಬಿದ್ದು ಕಾಲು ಮುರಿದುಕೊಂಡು, ಹಾಸನದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಮಂಚ ಹಿಡಿದಿದ್ದಳು. ಆಗ ಅವಳಿಗೆ ಏಳು ವರ್ಷ. ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರು. ನಮ್ಮ ಅತ್ತೆ ಅದನ್ನು ಸುಣ್ಣದ ಕಟ್ಟು ಅನ್ನುತ್ತಿದ್ದರು. ಅಲುಗಾಡದೆ ಮಲಗಿರಬೇಕು, ಹೊಟ್ಟೆ ತುಂಬ ಉಣ್ಣಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಮತ್ತೆ ಬಂದು ನೋಡಿದಾಗ ಅವರ ಮುಖ ಸಣ್ಣಗಾಯಿತು. ಮಗು ಇಳಿದುಹೋಗಿದ್ದಾಳೆ, ಹೀಗೇ ಹೊರಳಾಡುತ್ತ ಅರೆಹೊಟ್ಟೆಯಲ್ಲಿದ್ದರೆ ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತದೆ ಎಂದರು. ಅವತ್ತಿನಿಂದ ನನಗೆ ಬೀದಿಯಲ್ಲಿ ಹೋಗುವವರ ಮುಖ ಕಾಣುವುದು ನಿಂತು ಬರೀ ಕಾಲುಗಳೇ ಕಾಣತೊಡಗಿದವು.

ಅವಳು ಉಣ್ಣುತ್ತಿದ್ದುದು ಅಜ್ಜಿಯ ಜೊತೆ ಮಾತ್ರ. ಅಜ್ಜಿ ಒಂದು ತುತ್ತು ತಿಂದರೆ ತಾನೊಂದು ತುತ್ತು. ಅಜ್ಜಿ ಕೈ ತೊಳೆದರೆ ಇವಳ ಬಾಯಿಯೂ ಬಂದ್. ಅದಕ್ಕೇ ಅತ್ತೆ ತಮ್ಮ ಮಣೆಯನ್ನು ಅಡುಗೆಮನೆಯಿಂದ ಮಂಚದ ಪಕ್ಕಕ್ಕೆ ತಂದುಕೊಂಡಿದ್ದರು. ಸಂಜೆ ಐದರ ಸುಮಾರಿಗೆ ಇಬ್ಬರ ಊಟ. ನಾವು ಜೈನರು. ಹೊತ್ತು ಮುಳುಗುವ ಮುಂಚೆ ಉಣ್ಣುವುದು ನಮ್ಮಲ್ಲಿ ವಾಡಿಕೆ. ಪೇಟೆಗೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಸಡಿಲವಾಗಿತ್ತು. ನಮ್ಮ ಯಜಮಾನರೇ ಆಫೀಸಿನಿಂದ ಏಳಕ್ಕೆ ಬಂದು ಅಡುಗೆಮನೆಯ ಬಾಗಿಲು ಓರೆ ಮಾಡಿಕೊಂಡು ಸದ್ದಿಲ್ಲದೆ ಉಣ್ಣುತ್ತಿದ್ದರು. ಹಪ್ಪಳವನ್ನು ಸಾರಿನಲ್ಲಿ ನೆನೆಸಿ ತಿನ್ನುವ ಅಭ್ಯಾಸ ಅವರಿಗೆ ಬಂದದ್ದು ಹಾಗೆ. ಚನ್ನರಾಯಪಟ್ಟಣದ ಕಡೆಯವರಾದ ಅತ್ತೆ ಮಾತ್ರ ಒಂದಿಷ್ಟೂ ಬಿಟ್ಟುಕೊಟ್ಟವರಲ್ಲ. ಒಂದು ಚುಕ್ಕಿ ಕಂಡಿತೋ, ತುಟಿಯ ಹತ್ತಿರ ಬಂದ ತುತ್ತೂ ತಟ್ಟೆಗೆ ವಾಪಸ್ಸು. ಮತ್ತೆ ನೀರು ಕುಡಿಯುವುದೂ ಬೆಳಗಾದ ಮೇಲೆಯೇ.

ಮಗಳಿಗೆ ಚುಕ್ಕಿಗಳ ಹುಚ್ಚು ಹಿಡಿಸಿದ್ದೂ ಅತ್ತೆಯೇ. ಬೇಸಿಗೆಯಲ್ಲಿ ತಾರಸಿಯ ಮೇಲೆ ಚಾಪೆ ಹಾಸಿ ಸಪ್ತರ್ಷಿಗಳನ್ನು ತೋರಿಸಿ ಮಲಗಿಸುತ್ತಿದ್ದರು. ಈಗ ತಾರಸಿಗೆ ಹತ್ತುವಂತಿಲ್ಲ, ಹತ್ತಿದರೂ ಮೋಡ. ಚುಕ್ಕಿ ಬೇಕು ಎಂದು ಅವಳು ಹೊರಳಾಡುವುದನ್ನು ನೋಡಲಾರದೆ ನಮ್ಮವರು ಪೇಟೆಯಲ್ಲಿ ಪಾತ್ರೆ ಅಂಗಡಿಯಿಟ್ಟಿದ್ದ ನೆಂಟರೊಬ್ಬರಿಗೆ ಹೇಳಿದರು. ಅವರು ಬೊಂಬಾಯಿಯಿಂದ ಪಾತ್ರೆಗಳ ಜೊತೆ ಗೋಡೆಯ ಮೇಲೆ ಚಿತ್ರ ಬೀಳಿಸುವ ಆಟದ ಸಾಮಾನು ಎರಡು ತರಿಸಿದ್ದರಂತೆ. ಸೀರೆ ತೋರಿಸುವಂತೆ ಮನೆಗೇ ತರುತ್ತೇನೆ, ಮಗು ನೋಡಿ ಆರಿಸಲಿ ಅಂದರು.

ಬಂದದ್ದು ನಮ್ಮವರಿಗೆ ರಜೆಯಿದ್ದ ಒಂದು ದಿನ, ಸರಿಯಾಗಿ ಸಂಜೆಯ ಊಟದ ಹೊತ್ತಿಗೆ. ಅತ್ತೆ ಅನ್ನ ತೊವ್ವೆ ಕಲಸಿಕೊಂಡು ಕೂತಿದ್ದರು. ನೆಂಟರು ಜೇಬಿನಿಂದ ಕರವಸ್ತ್ರ ತೆಗೆದು ಮೊದಲು ಹಣೆ ಒರೆಸಿಕೊಂಡು, ಆಮೇಲೆ ಅದರಲ್ಲೇ ಡಬ್ಬಗಳನ್ನು ಒರೆಸಿದರು.

ಮೊದಲನೆಯದು ಲಾಟೀನಿನಂಥದ್ದು. ಒಳಗೆ ಸೀಮೆಎಣ್ಣೆ ದೀಪ ಹಚ್ಚಿಟ್ಟರೆ ಬಿಸಿಗೆ ಕಾಗದದ ಕೊಳವೆ ತಿರುಗಿ, ಗೋಡೆಯ ಮೇಲೆ ಆನೆ, ಜಿಂಕೆ, ಮೊಲ ಸಾಲಾಗಿ ಓಡುತ್ತವೆ. ನಮ್ಮವರಿಗೆ ಬಹಳ ಹಿಡಿಸಿತು. ಅತ್ತೆ ತುತ್ತು ನುಂಗಿ ಕೇಳಿದರು, "ಸಂಜೆ ದೀಪುಕ್ಕೆ ಹುಳ ಬಂದು ಬೀಳಕ್ಕಿಲ್ವಾ?"

ಒಂದೆರಡು ಬೀಳಬಹುದು ದೊಡ್ಡಮ್ಮ ಎಂದರು ನೆಂಟರು.

"ಕಾಗುದದ ಜಿಂಕೆ ಓಡ್ಸಕ್ಕೆ ಜೀವ ಇರೋ ಹುಳ ಸುಡ್ಬೇಕಾ? ಒಳ್ಳೆ ಜೈನ ಕಣಪ್ಪ ನೀನು."

ಲಾಟೀನು ಡಬ್ಬ ಸೇರಿತು. ಎರಡನೆಯದು ಬೋರಲು ಹಾಕಿದ ಬಟ್ಟಲಿನಂಥ ತಗಡು, ಮೈತುಂಬ ಸಣ್ಣ ತೂತು, ಒಳಗೆ ಬ್ಯಾಟರಿಯ ಬಲ್ಬು. ಹುಳದ ಭಯವಿಲ್ಲ. ಆದರೆ ನೋಡಲು ಕತ್ತಲೆ ಬೇಕು. ನೆಂಟರಿಗೆ ಅಂಗಡಿ ಬಿಟ್ಟು ಬಂದ ಅವಸರ. ನಮ್ಮವರು ಕಿಟಕಿಗಳಿಗೆ ಕಂಬಳಿ ಹಾಕಿ ಮೊಳೆ ಬಡಿದರು, ಬೀದಿ ಬಾಗಿಲು ಮುಚ್ಚಿದರು. ಅತ್ತೆಯ ಊಟ ಮುಗಿಯಲಿ ಎಂದು ನಾನು ಮೆಲ್ಲಗೆ ಅಂದದ್ದು ಸುತ್ತಿಗೆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ನೆಂಟರು ಬಲ್ಬಿನ ಗುಂಡಿ ಒತ್ತಿದರು.

ಸುಣ್ಣ ಬಳಿದ ಗೋಡೆ, ಸೂರಿನ ತೊಲೆ, ಸೀರೆ ಒಣಹಾಕಿದ ಹಗ್ಗ, ನೆಂಟರ ಬೋಳುತಲೆ, ಎಲ್ಲದರ ಮೇಲೂ ಚುಕ್ಕಿಗಳು. ಮಗಳು ಉಸಿರು ಬಿಡುವುದನ್ನೂ ಮರೆತಳು. ಎಷ್ಟೋ ದಿನದ ಮೇಲೆ ಅವಳು ಕದಲದೆ ಮಲಗಿದ್ದನ್ನು ನೋಡಿ ನನಗೆ ಕಣ್ಣು ತುಂಬಿತು. ಅದೇ ಹೊತ್ತಿಗೆ ಒಂದು ಚುಕ್ಕಿ ಅತ್ತೆಯ ತಟ್ಟೆಯಲ್ಲಿ, ಅನ್ನದ ಗುಳಿಯಲ್ಲಿದ್ದ ತುಪ್ಪದ ಮೇಲೆ ಬಿದ್ದು ಮಿನುಗಿತು. ಅತ್ತೆ ಕೈ ಮೇಲೆತ್ತಿದರು.

"ಚುಕ್ಕಿ ಬಿತ್ತು. ನಂದಾಯ್ತು."

ನಂದೂ ಆಯ್ತು ಎಂದಳು ಮಗಳು, ಸೂರಿನಿಂದ ಕಣ್ಣು ತೆಗೆಯದೆ. ಅವಳು ತಿಂದದ್ದು ಎರಡು ತುತ್ತೂ ಇರಲಿಲ್ಲ.

ನಮ್ಮವರು ಹಗಲನ್ನು ತೋರಿಸಲು ಒಂದು ಕಂಬಳಿಯ ತುದಿ ಕಿತ್ತರು. ಹೊರಗೆ ಆಷಾಢದ ಮೋಡ, ಸೂರ್ಯನ ಸುಳಿವೇ ಇಲ್ಲ. ಗಡಿಯಾರ ತೋರಿಸಿದರು. ಹೋದ ವಾರ ಅದು ನಿಂತಿದ್ದಾಗ ಹೊತ್ತೂ ನಿಂತಿತ್ತಾ ಎಂದು ಅತ್ತೆ ಕೇಳಿದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಸೂರ್ಯ ಎಲ್ಲಿಗೂ ಹೋಗುವುದಿಲ್ಲ, ತಿರುಗುವವರು ನಾವೇ ಎಂದು ಅಲ್ಲಿ ಗೋಳ ತಿರುಗಿಸಿ ಕಲಿಸಿದ್ದರು. ಅದನ್ನು ಈಗ ಹೇಳಿದರೆ ಅತ್ತೆ ಬೆಳಗಿನ ಊಟವನ್ನೂ ಬಿಡಬಹುದು ಅನ್ನಿಸಿ ಸುಮ್ಮನಾದೆ.

ನೆಂಟರು ಕೊನೆಗೆ, "ದೊಡ್ಡಮ್ಮ, ಅದು ಚುಕ್ಕಿ ಅಲ್ಲ. ಟಾರ್ಚಿನ ಬೆಳಕು ಕಣಮ್ಮ," ಎಂದರು.

"ಹಂಗಾರೆ ನನ್ನ ಮೊಮ್ಮಗೀಗೆ ಟಾರ್ಚ್ ಬೆಳಕ ಚುಕ್ಕಿ ಅಂತ ಮಾರಕ್ಕೆ ಬಂದ್ಯಾ?"

"ಅಲ್ಲ, ಚುಕ್ಕಿಗಳೇ, ಆದರೆ..."

"ಚುಕ್ಕಿ ಆದ್ರೆ ರಾತ್ರಿ ಆಯ್ತು. ನಾನು ಉಣ್ಣಕ್ಕಿಲ್ಲ. ಚುಕ್ಕಿ ಅಲ್ದಿದ್ರೆ ಅದು ನಮ್ಗೆ ಬ್ಯಾಡ. ಯಾವುದು ಹೇಳು ಮಗ."

ಅಂಗಡಿಯಲ್ಲಿ ಎಂಥ ಗಿರಾಕಿಗೂ ಜಗ್ಗದ ಮನುಷ್ಯ ಕರವಸ್ತ್ರ ಹುಡುಕತೊಡಗಿದರು. ಅಷ್ಟರಲ್ಲಿ ಬಾಗಿಲು ಬಡಿದರು. ಪಕ್ಕದ ಮನೆಯ ಗೌಡರ ಹೆಂಡತಿ. "ಇನ್ನೂ ದೀಪ ಅಚ್ಚಿಲ್ಲ, ಆಗ್ಲೇ ಬಾಗ್ಲಾಕ್ಕೊಂಡು ಮೊಳೆ ಒಡೀತಿದ್ದೀರಲ್ಲ, ಮಗಾ ಉಸಾರಾಗೈತಾ?" ಎನ್ನುತ್ತ ಒಳಗೆ ಬಂದು, ಸಂಗತಿ ಕೇಳಿ, ತೀರ್ಪೂ ಕೊಟ್ಟರು. ಅವರ ಎಮ್ಮೆಗಳು ಇನ್ನೂ ಮೇವಿನಿಂದ ಬಂದಿಲ್ಲ, ಎಮ್ಮೆ ಬರದೆ ಅದೆಂಥ ರಾತ್ರಿ? ಅತ್ತೆ ಆ ಮಾತನ್ನು ಗೌರವದಿಂದ ಕೇಳಿಸಿಕೊಂಡರು. ನಿಮ್ಮ ಎಮ್ಮೆ ಚುಕ್ಕಿ ನೋಡಿಲ್ಲ, ನಾನು ನೋಡಿದ್ದೀನಿ ಎಂದರು. ಕೈಯ ಮೇಲೆ ಅನ್ನ ಒಣಗುತ್ತಿತ್ತು.

ಮಗಳು ಆಗಲೇ ಅಜ್ಜಿಯ ಕೈ ನೋಡಿದ್ದು. ಬೆಳಗಿನವರೆಗೆ ಅಜ್ಜಿ ಹಸಿದೇ ಇರುತ್ತಾರೆಂದು ಅವಳಿಗೆ ಗೊತ್ತು. ಮತ್ತೆ ಸೂರು ನೋಡಿದಳು. ಒಂದು ಮೂಲೆಯಿಂದ ಇನ್ನೊಂದಕ್ಕೆ, ಅಜ್ಜಿ ತಾರಸಿಯಲ್ಲಿ ಕಲಿಸಿದ ಹಾಗೆ ಬೆರಳಿನಿಂದ ಹುಡುಕಿದಳು.

"ಅಜ್ಜಿ, ಇದ್ರಲ್ಲಿ ಸಪ್ತರ್ಷಿ ಇಲ್ಲ."

"ಸರ್ಯಾಗಿ ನೋಡು."

"ನೋಡ್ದೆ. ಸುಮ್ನೆ ತೂತ ಹೊಡ್ದಿದ್ದಾರೆ. ಇದು ಆಕಾಶ ಅಲ್ಲ ಅಜ್ಜಿ. ನೀನು ಉಣ್ಣು." ಮತ್ತೆ ಸಣ್ಣ ಗಂಟಲಲ್ಲಿ, "ನಂಗೆ ಬೇಡ ಇದು," ಎಂದಳು.

ಅತ್ತೆ ತಲೆಯೆತ್ತಿ ಸೂರನ್ನು ತಾವೇ ಪೂರ್ತಿ ಪರೀಕ್ಷೆ ಮಾಡಿದರು. ಆಮೇಲೆ ತುತ್ತು ಕಲಸಿದರು. ಮಗಳು ಬಾಯಿ ತೆರೆದಳು. ಅಜ್ಜಿಗೊಂದು, ಇವಳಿಗೊಂದು, ತಟ್ಟೆ ಬರಿದಾಯಿತು. ನೆಂಟರು ಬಲ್ಬು ಆರಿಸಿ, ತಗಡಿನ ಬಟ್ಟಲನ್ನು ಹುಲ್ಲಿನಲ್ಲಿ ಸುತ್ತತೊಡಗಿದರು. ಮಗಳು ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಕಾಲು ಅಲುಗಿಸಬಾರದಲ್ಲ, ಮುಖವನ್ನಷ್ಟೇ.

ಅತ್ತೆ ಕೈ ತೊಳೆದು ಬಂದು ಸೆರಗಿಗೆ ಒರೆಸಿಕೊಂಡು, ಆ ಬಟ್ಟಲು ಇಲ್ಲಿ ಕೊಡಪ್ಪ ಎಂದರು. ನನಗೆ ಗೋಣಿ ಹೊಲಿಯುವ ದಬ್ಬಳ ತರಲು ಹೇಳಿದರು. ನಮ್ಮವರ ಕೈಯಿಂದ ಸುತ್ತಿಗೆ ಇಸಿದುಕೊಂಡರು. ನೆಂಟರಿಗೆ ಆಗ ಅರ್ಥವಾಯಿತು.

"ದೊಡ್ಡಮ್ಮ, ತೂತ ಬಿದ್ರೆ ಮಾಲು ವಾಪಸ್ ತಗೊಳಕ್ಕಾಗಲ್ಲ."

"ವಾಪಸ್ ಕೊಡೋರ್ಯಾರು?"

ಮಗಳು ಮಂಚದಿಂದಲೇ ಬೆರಳಾಡಿಸಿ ಜಾಗ ತೋರಿಸಿದಳು. ನಾಲ್ಕು ಕಾಲಿನ ಮಂಚದಂತೆ ನಾಲ್ಕು, ಬಾಲದಂತೆ ಮೂರು. ಪ್ರತಿ ಏಟಿಗೂ ನೆಂಟರು ಕಣ್ಣು ಮುಚ್ಚುತ್ತಿದ್ದರು. ಏಳೂ ಆದ ಮೇಲೆ ಅರುಂಧತಿ ಬಿಟ್ಟುಹೋಯಿತು ಎಂದಳು ಮಗಳು. ಅದಕ್ಕೆ ದಬ್ಬಳ ದಪ್ಪವಾಯಿತೆಂದು ನನ್ನ ಹೊಲಿಗೆ ಸೂಜಿ ತಂದುಕೊಟ್ಟೆ. ತುದಿ ಮುರಿಯಿತು, ಅರುಂಧತಿ ಬಂದಳು.

ಮತ್ತೆ ಕಂಬಳಿ, ಮತ್ತೆ ಗುಂಡಿ. ಸಪ್ತರ್ಷಿಗಳು ಸೂರಿನ ಮೇಲೆ ಬಂದರು, ಆದರೆ ತಿರುಗುಮುರುಗಾಗಿ. ಬಾಲ ಇರಬೇಕಾದ ಕಡೆ ತಲೆ. ತಗಡಿನ ಹೊರಗಿನಿಂದ ಹೊಡೆದ ತೂತು ಒಳಗಿನ ಬೆಳಕಿಗೆ ಹಾಗೆ ಮಗುಚಿಯೇ ಬೀಳುವುದು. ಮಗಳು ಅಜ್ಜಿಯ ಮುಖ ನೋಡಿದಳು. ನೆಂಟರೂ ನೋಡಿದರು, ಬೇರೆ ಕಾರಣಕ್ಕೆ.

"ಮಗ್ಗುಲು ಬದಲಾಯ್ಸವ್ರೆ," ಎಂದರು ಅತ್ತೆ. "ಅವ್ರಿಗೇನು ಸುಣ್ಣದ ಕಟ್ಟು ಹಾಕೈತಾ?"

ಮಗಳು ನಕ್ಕದ್ದಕ್ಕೆ ಮಂಚ ಕಿರುಗುಟ್ಟಿತು.

ಅಲ್ಲಿಗೆ ಆಟದ ಸಾಮಾನಿನ ಆಯ್ಕೆ ಮುಗಿಯಿತು. ಆದರೆ ಸಪ್ತರ್ಷಿಗಳು ಬಂದ ಮೇಲೆ ಅದು ಆಕಾಶವಾಯಿತಲ್ಲ, ಅತ್ತೆ ಆಕಾಶದ ಕಾನೂನನ್ನೂ ತಂದರು. ಮನೆಯ ಕೊನೆಯ ತಟ್ಟೆ ತೊಳೆದಾಗುವವರೆಗೆ ಗುಂಡಿ ಒತ್ತುವಂತಿಲ್ಲ. ಗುಂಡಿ ಒತ್ತಿದ ಮೇಲೆ ಯಾರೂ ಉಣ್ಣುವಂತಿಲ್ಲ. ತುತ್ತಿಗೊಂದು ಕತೆ ಕೇಳುತ್ತಿದ್ದ ಹುಡುಗಿ ಈಗ ಅಜ್ಜಿಯನ್ನೇ ಅವಸರಪಡಿಸತೊಡಗಿದಳು. ಡಾಕ್ಟರು ಮುಂದಿನ ಸಲ ಬಂದಾಗ ಅವಳ ಕೆನ್ನೆ ಹಿಂಡಿ, ಏನು ಟಾನಿಕ್ ಕೊಡುತ್ತಿದ್ದೀರಿ ಎಂದು ಕೇಳಿದರು. ಪ್ಲಾಸ್ಟರು ಒಡೆದಾಗ ಕಾಲು ನೆಟ್ಟಗಿತ್ತು.

ಅಷ್ಟು ದಿನವೂ ಇದರಲ್ಲಿ ಪೇಚಿಗೆ ಸಿಕ್ಕಿದವರು ನಮ್ಮವರೊಬ್ಬರೇ. ಆಫೀಸು ಬಿಟ್ಟ ಕೂಡಲೇ ಸೈಕಲ್ ತುಳಿದುಕೊಂಡು ಬಂದರೂ ಒಂದೊಂದು ದಿನ ತಡವಾಗುತ್ತಿತ್ತು. ಬಾಗಿಲು ಓರೆ ಮಾಡಿಕೊಂಡು ಕೂತರೆ ನಡುಮನೆಯ ಮಂಚದಿಂದ ಮಗಳ ದನಿ, ಅಜ್ಜಿಯದೇ ಗತ್ತಿನಲ್ಲಿ, ಬರುತ್ತಿತ್ತು:

"ಅಪ್ಪಾ, ಬೇಗ ನುಂಗು. ರಾತ್ರಿ ಮಾಡ್ಬೇಕು ನಾನು."