ಚಿಗವ್ವನ ಕಣ್ಣಿನ ಚಂದದ ಫೋಟೋ

“ಫೋಟೋ ಇಷ್ಟ್ ಚಂದ ಬಂದೈತಿ. ಮತ್ತ ಯಾಕ ತಗೀತಾರಂತ?”

ಮುದ್ದೇಬಿಹಾಳದ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನಮ್ಮ ಚಿಗವ್ವ (ಅವ್ವನ ತಂಗಿ) ನನ್ನನ್ನು ಗದರಿದಳು. ಆಸ್ಪತ್ರೆ ನನ್ನದೇ ಎಂಬಂತೆ!

ಚಿಗವ್ವ ಕುಬಸ (ರವಿಕೆ) ಹೊಲಿಯುತ್ತಾಳೆ. ಸಕ್ಕರೆ ಕಾಯಿಲೆ ಹಳೆಯದು. ಈಚೆಗೆ ಎಡಗಣ್ಣು ಮಬ್ಬು. ಸೂಜಿಗೆ ದಾರ ಪೋಣಿಸಲು ಸೊಸೆಯನ್ನು ಕರೆಯಬೇಕು. ಅದಕ್ಕಿಂತ ದೊಡ್ಡ ಅವಮಾನ ಅವಳಿಗೆ ಬೇರೆ ಇಲ್ಲ. ಹಾಗಾಗಿ ಕಣ್ಣಿನ ಒಳಭಾಗದ ಫೋಟೋ ತೆಗೆಸಲು ಕರೆದೊಯ್ದಿದ್ದೆ.

ಮೊದಲ ಫೋಟೋ ಪೂರಾ ಮಸುಕು. ಟೆಕ್ನಿಷಿಯನ್ ತಲೆ ಕೆಡಿಸಿಕೊಳ್ಳಲಿಲ್ಲ. “ಎಐ ಐತ್ರಿ, ಕ್ಲೀನ್ ಮಾಡ್ತೈತಿ” ಎಂದು ಬಟನ್ ಒತ್ತಿದ. ಮಸುಕೆಲ್ಲ ಮಾಯ! ರಕ್ತನಾಳಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಚಿಗವ್ವನ ಮುಖ ಅರಳಿತು. ನನ್ನದೂ.

ಡಾಕ್ಟರಮ್ಮ ಮಾತ್ರ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರು. ಮಸುಕು ಫೋಟೋದಲ್ಲಿ ಒಂದು ಕಪ್ಪು ಕಲೆ ಇತ್ತು. ಕ್ಲೀನ್ ಫೋಟೋದಲ್ಲಿ ಇಲ್ಲ. ಮಷಿನ್ ಅದನ್ನೂ ಕೊಳೆ ಅಂದುಕೊಂಡು ಒರೆಸಿಬಿಟ್ಟಿತೇ? ಚಿಗವ್ವನ ರೆಪ್ಪೆ ಮುಟ್ಟಿದರು. ಅಂಟಂಟು.

“ಕಣ್ಣಾಗ ಏನ್ ಹಾಕ್ಕೊಂಡೀರಿ, ಅಮ್ಮಾ?”

“ಔಡಲೆಣ್ಣಿರಿ. ನಿಮ್ಮ ಮುಂದ ಕಣ್ಣು ಸ್ವಚ್ಛ ಇರ್ಲಿ ಅಂತ ಮುಂಜಾನೆ ಬಿಟ್ಕೊಂಡೇನ್ರಿ.”

ಹಲ್ಲಿನ ಡಾಕ್ಟರ ಬಳಿ ಹೋಗುವ ಮುನ್ನ ನಾವು ಹಲ್ಲುಜ್ಜುವುದಿಲ್ಲವೇ? ಪಾಪ, ಅವಳ ಲೆಕ್ಕವೂ ಅಷ್ಟೇ. ಡಾಕ್ಟರಮ್ಮ ಆ ಹರಳೆಣ್ಣೆ ತೊಳೆದು ಮತ್ತೆ ಫೋಟೋ ತೆಗೆಸಲು ಹೇಳಿದರು. ಚಿಗವ್ವ ಗದರಿದ್ದು ಆಗಲೇ.

ಹೊಸ ಫೋಟೋದಲ್ಲೂ ಕಲೆ ಅಲ್ಲೇ ಇತ್ತು. ಕಣ್ಣಿನೊಳಗೆ ರಕ್ತ ಒಸರಿದೆಯಂತೆ. ವಿಜಯಪುರಕ್ಕೆ ಹೋಗಿ ಲೇಸರ್ ಮಾಡಿಸಬೇಕು, ತಡವಾದರೆ ಕಣ್ಣೇ ಹೋಗಬಹುದು ಅಂದರು. ನನಗೆ ಹೆದರಿಕೆಯಾಯಿತು.

ಚಿಗವ್ವನಿಗೆ? ಸಿಟ್ಟು ಬಂತು. ನೇರ ಟೆಕ್ನಿಷಿಯನ್ ಬಳಿ ಹೋಗಿ, “ತಮ್ಮಾ, ಆ ಚಂದ ಬಂದಿದ್ದು ಒಂದ್ ಕಾಪಿ ಕೊಡಪಾ” ಅಂದಳು. (ಪುಣ್ಯಾತ್ಮ ಕೊಟ್ಟೇಬಿಟ್ಟ!)

ಈಗ ಕುಬಸದ ಅಳತೆ ಕೊಡಲು ಬಂದವರಿಗೆಲ್ಲ ಆ ಫೋಟೋ ದರ್ಶನ. “ನೋಡ್ರಿ, ಒಂದ್ ಕಲಿ ಐತೇನ್ರಿ?” ಅವರೋ, “ಛೇ ಛೇ, ಏನೂ ಇಲ್ಲ ಬಿಡ್ರಿ” ಎಂದು ಹೋಗುತ್ತಾರೆ. ನಾನು ಬಾಯಿ ಬಿಟ್ಟರೆ, “ಕಂಪ್ಯೂಟರಕಿಂತ ಆ ಡಾಕ್ಟರಮ್ಮ ಶ್ಯಾಣ್ಯಾಕಿ ಏನು?” ದಿನಾ ಫೋನ್ ಮಾಡುತ್ತೇನೆ, ದಿನಾ ಇದೇ ಜಗಳ. ಹೇಳಿ ಹೇಳಿ ಸಾಕಾಗಿದೆ. ಸಿಟ್ಟು ಮಾಡಿಕೊಳ್ಳಲೂ ತ್ರಾಣವಿಲ್ಲ.

ಮಸುಕು ಫೋಟೋ ತಿದ್ದುವ ಸಾಫ್ಟ್‌ವೇರ್ ಬಂದಿದೆ, ಸಂತೋಷ. ಚಿಗವ್ವನನ್ನು ವಿಜಯಪುರದ ಬಸ್ಸು ಹತ್ತಿಸುವಂಥದ್ದು ಯಾರ ಹತ್ತಿರವಾದರೂ ಇದೆಯೇ?