ನೆನೆಸಿದ ಎಲೆ

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ನನಗೊಂದು ದೊಡ್ಡ ಕೆಲಸವಿತ್ತು. ಅಕ್ಕನ ಎಡಗೈಗೆ ಜೋತು ಬೀಳುವುದು! ಸಂಜೆ ಅವಳು ಅಂಗಳದಲ್ಲಿ ನಿಂತರೆ ಸಾಕು, ನಾನು ಅವಳ ಮಣಿಕಟ್ಟು ಹಿಡಿದು, ಕಾಲು ಮಡಚಿ, ಬಾವಲಿಯ ಹಾಗೆ ನೇತಾಡುತ್ತಿದ್ದೆ. ಆಟ ಅಂದುಕೊಳ್ಳಬೇಡಿ ಮಕ್ಕಳೇ. ಅಕ್ಕನ ಕೈ ನೇರ ಮಾಡಲು ನಮ್ಮಲ್ಲಿದ್ದ ತೂಕ ಎರಡೇ, ನೀರು ತುಂಬಿದ ಕೊಡಪಾನ ಮತ್ತು ನಾನು.

ಗೇರುಹಣ್ಣು ಕೊಯ್ಯಲು ಹೋಗಿ ಅಕ್ಕ ಮರದಿಂದ ಬಿದ್ದಿದ್ದಳು. ಊರಿನ ವೈದ್ಯರು ಬಿದಿರಿನ ಪಟ್ಟಿ ಕಟ್ಟಿದರು. ಮೂಳೆ ಕೂಡಿತು, ಆದರೆ ಮೊಣಕೈ ಮಾತ್ರ ಆಮೇಲೆ ಪೂರ್ತಿ ಚಾಚಿಕೊಳ್ಳಲಿಲ್ಲ. ಅಳದಂಗಡಿ ಕಡೆಯ ನಮ್ಮ ಹಳ್ಳಿಯಲ್ಲಿ ಅದು ಯಾರಿಗೂ ಕೊರತೆಯಾಗಿ ಕಾಣಲಿಲ್ಲ. ಅಮ್ಮ ಮತ್ತು ಅಕ್ಕ ಬೀಡಿ ಕಟ್ಟುತ್ತಿದ್ದರು. ತಡ್ಪೆಯನ್ನು, ಅಂದರೆ ಗೆರಸೆಯನ್ನು, ತೊಡೆಯ ಮೇಲಿಟ್ಟು ಬೆಳಗಿನಿಂದ ಬೈಗಿನ ತನಕ ಕೈ ಮಡಚಿಯೇ ಕೂತಿರಬೇಕು. ಆ ಕೆಲಸಕ್ಕೆ ಅಕ್ಕನ ಕೈ ಹೇಳಿ ಮಾಡಿಸಿದ ಹಾಗಿತ್ತು. ಅವಳ ಸಂಕಟವೂ ಅದೇ.

ಬೀಡಿಯ ಎಲೆಯನ್ನು ಹಿಂದಿನ ಸಂಜೆಯೇ ನೆನೆಸಬೇಕು. ಒಣ ಎಲೆ ಸುತ್ತಲು ಹೋದರೆ ಪುಡಿಯಾಗುತ್ತದೆ. ಒಮ್ಮೆ ನೆನೆಸಿದರೆ ಮರುದಿನವೇ ಕತ್ತರಿಸಿ ಸುತ್ತಿ ಮುಗಿಸಬೇಕು, ಇಲ್ಲದಿದ್ದರೆ ಹಾಳು. "ನೆನೆಸಿದ ಎಲೆ ಯಾರಿಗೂ ಕಾಯುವುದಿಲ್ಲ" ಎಂದು ಅಮ್ಮ ಹೇಳುತ್ತಿದ್ದಳು. ಜ್ವರ ಬರಲಿ, ಪಕ್ಕದ ಮನೆಯಲ್ಲಿ ಮದುವೆಯೇ ಇರಲಿ, ಎಲೆ ನೆನೆದಿದೆ ಎಂದರೆ ಕೂರಲೇಬೇಕು. ಹೊಗೆಸೊಪ್ಪಿನ ಘಾಟು ನಮ್ಮ ಬಟ್ಟೆಯಲ್ಲಿ, ಚಾಪೆಯಲ್ಲಿ, ನನ್ನ ಶಾಲೆಯ ಚೀಲದಲ್ಲೂ ಇತ್ತು. ಅಕ್ಕನ ಕೂದಲಿಗೆ ಎಷ್ಟು ಸೀಗೆ ಹಾಕಿದರೂ ಅದು ಹೋಗುತ್ತಿರಲಿಲ್ಲ.

ಅಕ್ಕನಿಗೆ ಆ ತಡ್ಪೆಯ ಮುಂದಿನಿಂದ ಏಳಬೇಕಿತ್ತು. ಬೀಡಿ ಕಟ್ಟುತ್ತಲೇ ಓದಿ ಪಿಯುಸಿ ಪಾಸಾದಳು. ಸೈನ್ಯದ ಆಸ್ಪತ್ರೆಯಲ್ಲಿ ನರ್ಸ್ ಆಗುವ ತರಬೇತಿಗೆ ಅರ್ಜಿ ಹಾಕಿ, ಬರೆಯುವ ಪರೀಕ್ಷೆಯನ್ನೂ ಗೆದ್ದಳು. ಉಳಿದದ್ದು ಮಂಗಳೂರಿನಲ್ಲಿ ಡಾಕ್ಟರರ ಪರೀಕ್ಷೆ ಒಂದೇ. ಅಪ್ಪ ಕೆಂಪುಕಲ್ಲು ಕಡಿದು ತೆಗೆಯುವ ಕೋರೆಯ ಕೆಲಸಕ್ಕೆ ರಜೆ ಹಾಕಿ ಅವಳನ್ನು ಕರೆದುಕೊಂಡು ಹೊರಟ. ನಾನೂ ಹಟ ಹಿಡಿದು ಹೊರಟೆ. ಕಡೇ ಗಳಿಗೆಯಲ್ಲಿ ಕೈ ಮಡಚಿಕೊಂಡರೆ ಜೋತು ಬೀಳಲು ಜನ ಬೇಡವೇ?

ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿದೆವು. ಅಕ್ಕ ಎಡಗೈಯಲ್ಲಿ ಮೇಲಿನ ಸರಳು ಹಿಡಿದು ನಿಂತವಳು ಸೀಟು ಖಾಲಿಯಾದರೂ ಕೂರಲಿಲ್ಲ.

"ಕೂತುಕೊಳ್ಳಿ ಮಾರಾಯ್ರೆ, ಸೀಟು ಉಂಟಲ್ಲ" ಎಂದ ಕಂಡಕ್ಟರ್.

"ಬೇಡ, ನಿಂತೇ ಬರ್ತೇನೆ" ಎಂದಳು ಅಕ್ಕ. ತಿರುವು ಬಂದಾಗಲೆಲ್ಲ ಅವಳ ಕೈ ಜಗ್ಗುತ್ತಿತ್ತು, ಅವಳು ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರರ ಕೋಣೆಗೆ ಅರ್ಧ ಬಾಗಿಲಿತ್ತು. ಹೊರಗಿನ ಬೆಂಚಿನಲ್ಲಿ ಕೂತ ನನಗೆ ಕೆಳಗಿನಿಂದ ಅಕ್ಕನ ಪಾದಗಳಷ್ಟೇ ಕಂಡವು. "ಎರಡೂ ಕೈ ಮುಂದೆ ಚಾಚಮ್ಮ" ಎಂಬ ಮಾತು ಕೇಳಿತು. "ಇನ್ನೂ... ಇನ್ನೂ ಸ್ವಲ್ಪ." ಅಕ್ಕನ ಹಿಮ್ಮಡಿಗಳು ನೆಲ ಬಿಟ್ಟು ಮೇಲೆದ್ದವು. ಕೈ ಉದ್ದವಾಗಲೆಂದು ಅವಳು ತುದಿಗಾಲಿನಲ್ಲಿ ನಿಂತಿದ್ದಳು, ಪಾಪ.

"ರೋಗಿಗಳನ್ನು ಎತ್ತಬೇಕಾಗ್ತದೆ. ಈ ಕೈಯಿಂದ ಹೇಗೆ?"

"ಎತ್ತಿ ತೋರಿಸ್ತೇನೆ ಸರ್. ಹೊರಗೆ ನನ್ನ ತಂಗಿ ಇದ್ದಾಳೆ, ಕರೀಲಾ?"

ಕರೆಯುವ ಮೊದಲೇ ನಾನು ಒಳಗೆ ನುಗ್ಗಿದೆ. ಬಿಳಿ ಗೋಡೆ, ಸ್ಪಿರಿಟ್ಟಿನ ವಾಸನೆ, ಮೇಜಿನ ಹಿಂದೆ ಕನ್ನಡಕದ ಡಾಕ್ಟರು. ಅಭ್ಯಾಸಬಲದಿಂದ ಅಕ್ಕನ ಎಡಗೈಗೆ ಜೋತುಬಿದ್ದೆ. ಅವಳು ನನ್ನನ್ನು ಮೇಲೆತ್ತಿದಳು, ನನ್ನ ಕಾಲು ನೆಲ ಬಿಟ್ಟಿತು. ಹಾಗೆಯೇ ಹಿಡಿದುಕೊಂಡಳು, ಇಳಿಸಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಬಲ ಇದೆಯಮ್ಮ. ಆದರೆ ಕೈ ನೇರ ಇರಬೇಕು ಅಂತ ನಿಯಮ. ನಾನೇನು ಮಾಡಲಿ?"

ಅಲ್ಲಿಗೆ ಮುಗಿಯಿತು. ಅಕ್ಕ ಆಗಲೂ ನನ್ನನ್ನು ಎತ್ತಿಕೊಂಡೇ ನಿಂತಿದ್ದಳು. ಇನ್ನಷ್ಟು ಗಂಜಿ ಉಂಡು ನಾನು ದಪ್ಪಗಾಗಿದ್ದರೆ ಕೈ ನೇರವಾಗುತ್ತಿತ್ತೇನೋ ಎಂದು ನನಗೆ ಅಳು ಬಂತು.

ಮರಳುವಾಗ ಅಕ್ಕ ಸರಳು ಹಿಡಿಯಲಿಲ್ಲ. ಸೀಟಿನಲ್ಲಿ ಕೂತು ಕೈ ಮಡಚಿ ಮಡಿಲಲ್ಲಿಟ್ಟುಕೊಂಡಳು.

ಮನೆ ತಲುಪುವಾಗ ದೀಪ ಹಚ್ಚುವ ಹೊತ್ತು. ಜಗಲಿಯ ಮೂಲೆಯಲ್ಲಿ ಎಲೆ ನೆನೆಸುವ ಪಾತ್ರೆಯಿತ್ತು. ಅದರೊಳಗೆ ಇಬ್ಬರ ಪಾಲಿನ ಎಲೆಯೂ ಆಗಲೇ ನೆನೆಯುತ್ತಿತ್ತು. ಅಮ್ಮ ಒಳಗಿನಿಂದ ಬಂದು ನಮ್ಮ ಮುಖ ನೋಡಿದಳು, ಆಮೇಲೆ ಪಾತ್ರೆ ನೋಡಿದಳು.

"ನೀನು ಪಾಸಾಗುವುದಿಲ್ಲ ಅಂತ ನೆನೆಸಿದ್ದಲ್ಲ ಮಗಾ" ಎಂದಳು. "ನಾಳೆಗೆ ಬೇಕಲ್ಲ."

ನನಗೆ ಆ ಪಾತ್ರೆಯನ್ನು ಒದ್ದುಬಿಡುವಷ್ಟು ಸಿಟ್ಟು ಬಂತು. ಆದರೆ ಒದ್ದರೆ ನಾಳೆಯ ಅಕ್ಕಿಯನ್ನೇ ಒದ್ದ ಹಾಗೆ ಎಂಬುದು ಆ ವಯಸ್ಸಿಗೇ ಗೊತ್ತಿತ್ತು. ಅಕ್ಕ ಬಗ್ಗಿ, ನೀರಿನ ಮೇಲೆ ತೇಲುತ್ತಿದ್ದ ಎಲೆಗಳನ್ನು ಎಡಗೈಯಿಂದ ಒಳಗೆ ಅದುಮಿದಳು. "ಸರಿಯಾಗಿಯೇ ನೆನೆಸಿದ್ದಿ ಅಮ್ಮ" ಎಂದಳು. ಮರುದಿನ ಬೆಳಿಗ್ಗೆ ನಾನು ಏಳುವಾಗ ಅವಳು ತಡ್ಪೆಯ ಮುಂದೆ ಕೂತಾಗಿತ್ತು. ಆಮೇಲೆ ಅವಳು ನನ್ನನ್ನು ಕೈಗೆ ಜೋತು ಬೀಳಲು ಕರೆಯಲೇ ಇಲ್ಲ.

ಈಗ ನಮ್ಮ ಮನೆಯಲ್ಲಿ ಎಲೆಯೂ ಇಲ್ಲ, ಘಾಟೂ ಇಲ್ಲ. ನನ್ನ ದೊಡ್ಡ ಮೊಮ್ಮಗಳು ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಸೈನ್ಯದ ಹುಚ್ಚು. ಬೆಳಗಾದರೆ ಬಣ್ಣದ ಬೂಟು ಹಾಕಿ ಮೈದಾನದಲ್ಲಿ ಓಡುತ್ತಾಳೆ, ಎಷ್ಟು ಓಡಿದಳೆಂದು ಕೈಯ ಗಡಿಯಾರವೇ ಹೇಳುತ್ತದೆ. ಅವಳ ಪಾದ ಸ್ವಲ್ಪ ಚಪ್ಪಟೆ, ಸೈನ್ಯದಲ್ಲಿ ಅದಕ್ಕೂ ಒಂದು ನಿಯಮ ಉಂಟಂತೆ. ಸ್ನಾನ ಮಾಡಿ ಬಂದವಳು ಟೈಲ್ಸಿನ ಮೇಲೆ ಮೂಡಿದ ತನ್ನ ಒದ್ದೆ ಹೆಜ್ಜೆಯನ್ನೇ ದಿಟ್ಟಿಸುತ್ತಾಳೆ. ನಾಳೆ ಅವಳಿಗೆ ಡಾಕ್ಟರರ ಪರೀಕ್ಷೆ.

ಅಕ್ಕ ಈಗ ನಮ್ಮೊಂದಿಗೇ ಇದ್ದಾಳೆ. ಈ ಮಕ್ಕಳಿಗೆಲ್ಲ ಅವಳು ದೊಡ್ಡಜ್ಜಿ. ಇಂದು ಹುಡುಗಿ ಕಾಲಿಗೆ ಬಿದ್ದಾಗ, ಇಂದಿಗೂ ನೇರವಾಗದ ಆ ಕೈಯನ್ನು ಅವಳ ತಲೆಯ ಮೇಲಿಟ್ಟಳು.

"ಹೋಗಿ ಬಾ ಮಗಾ. ಆಗದಿದ್ದರೂ ಹೆದರಬೇಡ. ಇಲ್ಲಿ ನಿನಗೆ ಅಂತ ಯಾರೂ ಎಲೆ ನೆನೆಸಿ ಇಟ್ಟಿಲ್ಲ."

"ಯಾವ ಎಲೆ ದೊಡ್ಡಜ್ಜಿ?" ಎಂದು ಕೇಳಿದಳು ಹುಡುಗಿ.

ಅಕ್ಕ ನನ್ನ ಮುಖ ನೋಡಿ ನಕ್ಕಳು. ಹುಡುಗಿಗೆ ಅದು ಗೊತ್ತಿಲ್ಲವಲ್ಲ ಎಂದು ನಮಗಿಬ್ಬರಿಗೂ ಸಂತೋಷವಾಯಿತು.